ಕಿತ್ತ ಹಲ್ಲು

ಸಿದ್ದಾಪುರದ ಭಾನುವಾರದ ಸಂತೆ.
ಮತ್ತಿ ಮೀನು ಆರಿಸುತ್ತಿರುವ ಸುಹರಾಳಿಗೆ
ಎಲ್ಲರದೂ ಅದೇ ಪ್ರಶ್ನೆ:
ಮಸ್ಕತ್ ಚೆಂದವೋ, ನಮ್ಮೂರೋ?

ಅಲ್ಲಿ ನಡುರಾತ್ರಿಯೂ ನಲ್ಲಿಯಲ್ಲಿ ಬಿಸಿನೀರು;
ಮಲಗುವ ಕೋಣೆಗೆ ಮಾತ್ರ ಕಿಟಕಿಯಿರಲಿಲ್ಲ.
ಇಲ್ಲಿ ಕಿಟಕಿಯಿದೆ,
ತೋಟಕ್ಕೆ ಆನೆ ಇಳಿದರೆ
ಅದನ್ನೂ ಮುಚ್ಚಿ, ಮಗುವಿನ ಬಾಯಿಯನ್ನೂ ಮುಚ್ಚಿ
ಕೂರಬೇಕು.

ಹಲ್ಲುನೋವೆಂದಾಗ ಮೇಡಂ
ಕಾರಿನಲ್ಲೇ ಕರೆದೊಯ್ದು ಕೀಳಿಸಿದಳು.
ನೋವೇ ಆಗಲಿಲ್ಲ.
ತಿಂಗಳ ಕೊನೆಗೆ ಸಂಬಳದಲ್ಲಿ ಮುರಿದುಕೊಂಡಳು.

ವಿರಾಜಪೇಟೆಯ ಆಸ್ಪತ್ರೆಗೋ
ಎರಡು ಬಸ್ಸು, ಚೀಟಿ, ಮೆಟ್ಟಿಲವರೆಗೆ ಸಾಲು,
ಡಾಕ್ಟರು ಇಂದು ರಜೆ.
ಆದರೂ ಆ ಸಾಲಿನಲ್ಲಿ
ಲೈನ್‌ಮನೆಯ ಚೆಲ್ಲಮ್ಮ ಚೀಲವಿಟ್ಟು
ಇವಳಿಗೊಂದು ಜಾಗ ಹಿಡಿದಿರುತ್ತಾಳೆ.

ಹೇಳೇ, ಯಾವುದು ಮೇಲು?

ನಾಲಗೆ ಸುಮ್ಮನೆ ಹೋಗಿ
ಒಸಡಿನ ಖಾಲಿ ಜಾಗ ಮುಟ್ಟಿ ಬರುತ್ತದೆ.
"ಕಿಲೋಗೆ ಎಷ್ಟಪ್ಪಾ?" ಎನ್ನುತ್ತಾಳೆ
ಮೀನಿನವನಿಗೆ.