ನಡಾವಳಿ

ಸ್ಥಳ: ಲೂಥರನ್ ಚರ್ಚಿನ ನೆಲಮಾಳಿಗೆ, ಮಾಂಟಾನಾ.
ಹಾಜರಿದ್ದವರು: ಮೂರು ಮತ್ತೊಂದು ಜನ.
ಮತ್ತೊಂದು ಎಂದರೆ ವರ್ನಾಳ ನಾಯಿ.
ಅದಕ್ಕೆ ಮತ ಹಾಕುವ ಹಕ್ಕಿಲ್ಲವೆಂದು
ಎರಡು ಸಾವಿರದ ಹನ್ನೊಂದರಲ್ಲೇ ತೀರ್ಮಾನವಾಗಿದೆ.

ವರ್ನಾ ಹೌಗೆನ್ ಅಧ್ಯಕ್ಷೆ. ಮೂವತ್ತು ಚಳಿಗಾಲ
ಶಾಲೆಯ ಹಳದಿ ಬಸ್ಸು ಓಡಿಸಿದವಳು.
ಈಗಲೂ ಮಾತಿನ ನಡುವೆ,
ಎದುರಿಗೊಂದು ಕನ್ನಡಿ ತೂಗುಬಿದ್ದಿರುವಂತೆ, ಕಣ್ಣೆತ್ತಿ
ಹಿಂದೆ ಯಾರು ಗಲಾಟೆ ಮಾಡುತ್ತಿದ್ದಾರೆಂದು ನೋಡುತ್ತಾಳೆ.
ಹಿಂದೆ ಯಾರೂ ಇಲ್ಲ. ಮಡಚಿಟ್ಟ ಕುರ್ಚಿಗಳಿವೆ.

ಖಜಾಂಚಿ ಡೆಲ್ಬರ್ಟ್ ಓಕ್ಸ್. ಎಡಗೈಯಲ್ಲಿ ಮೂರೇ ಬೆರಳು;
ಉಳಿದೆರಡು ಕಣಿವೆಯ ಯಾವುದೋ ಬೊಡ್ಡೆಯ ಬುಡದಲ್ಲಿವೆ,
ಕಾಡಿಗೆ ನಾನು ಕಟ್ಟಿದ ಮುಂಗಡ ಅನ್ನುತ್ತಾನೆ.
ಕೊಯ್ದವನೇ ಕಾಯಲು ಹೊರಟನೆಂದು
ಊರ ಹೋಟೆಲಿನಲ್ಲಿ ಹಳೆಯ ಜೊತೆಗಾರರು
ಅವನ ಮೇಜಿಗೆ ಬೆನ್ನು ಹಾಕಿ ಕೂರುತ್ತಾರೆ.
ಅವನು ದಿನಾ ಹೋಗುತ್ತಾನೆ. ದಿನಾ ಅದೇ ಮೇಜು.
ಖಾತೆಯಲ್ಲಿ ಇನ್ನೂರ ಹನ್ನೆರಡು ಡಾಲರು, ಚಿಲ್ಲರೆ ಬೇರೆ.

ಕಾರ್ಯದರ್ಶಿ ನಾನು. ಅಕ್ಷರ ದುಂಡಗಿದೆ, ಅಷ್ಟೇ ಅರ್ಹತೆ.

ವಿಷಯ ಒಂದು: ಇಲ್ಲದ ರಸ್ತೆ.

ಅರಣ್ಯ ಕಚೇರಿಯ ನಕ್ಷೆಯಲ್ಲಿ
ತೊರೆ ದಾಟಿ, ಬೆಟ್ಟದ ಹೆಗಲೇರಿ
ಒಂದು ಕಪ್ಪು ಗೆರೆ. ಈಗಾಗಲೇ ಇರುವ ರಸ್ತೆಯಂತೆ.
ಇರುವುದಾದರೆ ರಿಪೇರಿ ಸಾಕು, ಯಾರನ್ನೂ ಕೇಳಬೇಕಿಲ್ಲ.
ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ,
ರಸ್ತೆ ಬಂದ ಮೇಲೆ ಗರಗಸ.

ಅಕ್ಟೋಬರಿನಲ್ಲಿ ಹೊರಟೆವು, ಇರುವುದು ಎಲ್ಲಿದೆ ಎಂದು ಹುಡುಕಲು.
ಲಾರ್ಚ್ ಮರಗಳು ಹೊಂಬಣ್ಣಕ್ಕೆ ತಿರುಗಿ
ಸೂಜಿ ಎಲೆ ಉದುರಿಸುವ ವಾರ.
ಹೊಸಬರು ಸತ್ತವೆಂದುಕೊಳ್ಳುತ್ತಾರೆ;
ನಗರದ ಪತ್ರಿಕೆಯವನೊಬ್ಬ ಹಾಗೆಂದು ಬರೆದೂಬಿಟ್ಟಿದ್ದ.
ವರ್ನಾ ಮುಂದೆ, ಮಂಡಿಗೆ ಪಟ್ಟಿ ಕಟ್ಟಿಕೊಂಡು,
ನಾಯಿ ಅವಳಿಗಿಂತ ಮುಂದೆ.
ತುಕ್ಕು ಹಿಡಿದ ಮೋರಿಯ ಕೊಳವೆಯೊಂದು ಸಿಕ್ಕಿತು, ಬಾಯಿತುಂಬ ಪಾಚಿ.
ಅಲ್ಲಿಂದಾಚೆ ಆಲ್ಡರ್ ಪೊದೆ,
ತೋಳಿಗೆ ತೋಳು ಹೆಣೆದು ನಿಂತ ಫರ್ ಮರಗಳು,
ಕರಡಿ ಬೆನ್ನುಜ್ಜಿ ಬಿಟ್ಟುಹೋದ ಕೂದಲು
ತೊಗಟೆಯ ಅಂಟಿನಲ್ಲಿ ಇನ್ನೂ ಅಲ್ಲಾಡುತ್ತ.

ರಸ್ತೆಯ ನಟ್ಟನಡುವೆ ನಿಂತಿದ್ದ ಮರಕ್ಕೆ
ಡೆಲ್ಬರ್ಟ್ ಬೈರಿಗೆ ಇಟ್ಟು ತಿರುಗಿಸಿದ.
ಹೊರಗೆಳೆದರೆ ಪೆನ್ಸಿಲಿಗಿಂತ ತೆಳ್ಳನೆಯ ಒದ್ದೆ ಕಡ್ಡಿ.
ಕನ್ನಡಕ ತಂದಿರಲಿಲ್ಲ; ನನ್ನ ಕೈಗೆ ಕೊಟ್ಟ.
ಉಗುರ ತುದಿಯಿಂದ ವರ್ಷ ಎಣಿಸಿದೆ. ನಲವತ್ತೊಂದು.
ಮತ್ತೆ ಎಣಿಸು ಅಂದ. ನಲವತ್ತೊಂದು.
ಆಮೇಲೆ ಅವನು ಬಹಳ ಹೊತ್ತು ಮಾತಾಡಲಿಲ್ಲ.
ಈ ರಸ್ತೆ ಕಡಿದ ತಂಡದಲ್ಲಿ ತಾನೂ ಇದ್ದೆನೆಂದು
ಇಳಿಯುವಾಗ ಹೇಳಿದ, ನಾಯಿಗೆ ಹೇಳುವಂತೆ.
ಬರೆದುಕೊಳ್ಳಬೇಡ ಎಂದೂ ಹೇಳಿದ.

ಕಡ್ಡಿಯನ್ನು ಸೋಡಾ ಹೀರುವ ಪಟ್ಟೆಪಟ್ಟೆ ಕೊಳವೆಯಲ್ಲಿಟ್ಟು
ಎರಡೂ ತುದಿಗೆ ಟೇಪು ಸುತ್ತಿ
ಕಚೇರಿಗೆ ರಿಜಿಸ್ಟರ್ ಅಂಚೆ ಮಾಡಿದೆವು.
ಜೊತೆಗೆ ವರ್ನಾಳ ಪತ್ರ, ಒಂದೇ ಸಾಲು:
ನಿಮ್ಮ ರಸ್ತೆಗೆ ನಲವತ್ತೊಂದು ವರ್ಷ ವಯಸ್ಸು, ಎತ್ತರ ಅರವತ್ತು ಅಡಿ.

ವಿಷಯ ಎರಡು: ಉತ್ತರ.

ಏಪ್ರಿಲಿನಲ್ಲಿ ಬಂತು. ಹನ್ನೊಂದನೇ ಪುಟದ ಅಡಿಟಿಪ್ಪಣಿ:
ಸದರಿ ಗೆರೆಯನ್ನು ಕೈಬಿಡಲಾಗಿದೆ.
ನಮ್ಮ ಹೆಸರಿಲ್ಲ. ಕಡ್ಡಿಯ ಸುದ್ದಿಯಿಲ್ಲ.

ರಸ್ತೆ ಆದರೆ ರಿಬ್ಬನ್ ಕತ್ತರಿಸಲು ಯಾರಾದರೂ ಬರುತ್ತಾರೆ.
ಆಗದ ರಸ್ತೆಗೆ ಯಾರನ್ನು ಕರೆಯುವುದು,
ಕರೆದು ಎಲ್ಲಿ ನಿಲ್ಲಿಸುವುದು?
ವರ್ನಾ ಕೇಕು ತಂದಿದ್ದಳು, ಅಂಗಡಿಯದು,
ಯಾರೋ ಒಯ್ಯದೆ ಬಿಟ್ಟ ಹುಟ್ಟುಹಬ್ಬದ ಕೇಕು, ಅರ್ಧ ಬೆಲೆ.
ಮೇಲೆ ಕ್ಲಾರಿಸ್ಸಾ ಎಂದಿತ್ತು.
ಕ್ಲಾರಿ ನನಗೆ ಬಂತು, ಸ್ಸಾ ಡೆಲ್ಬರ್ಟನಿಗೆ.

ವಿಷಯ ಮೂರು: ಆಚೆ ಕಣಿವೆಯಲ್ಲಿ ಇನ್ನೊಂದು ಗೆರೆ.

ವರ್ನಾ ನಕ್ಷೆ ಬಿಡಿಸಿ ಮೂಲೆಗೆ ಕಾಫಿ ಲೋಟ ಇಟ್ಟಳು.
ಮಂಡಿ ಹೇಗಿದೆ ಅಂದೆ.
ಅದು ಕಾರ್ಯಸೂಚಿಯಲ್ಲಿಲ್ಲ ಅಂದಳು.
ಮತ್ತೆ ಕಣ್ಣೆತ್ತಿ ಇಲ್ಲದ ಕನ್ನಡಿಯಲ್ಲಿ ನೋಡಿದಳು,
ಈ ಸಲ ತುಸು ಹೆಚ್ಚು ಹೊತ್ತು,
ಕೊನೆಯ ನಿಲ್ದಾಣದಲ್ಲಿ
ಯಾರಾದರೂ ನಿದ್ದೆಹೋಗಿ ಉಳಿದಿದ್ದಾರೆಯೇ ಎಂದು ನೋಡುವ ಹಾಗೆ.

ಡೆಲ್ಬರ್ಟ್ ಬೈರಿಗೆಗೆ ಎಣ್ಣೆ ಹಾಕುತ್ತಿದ್ದ.
ಸಭೆ ಮುಗಿದ ಹೊತ್ತು: ಬರೆದುಕೊಂಡಿಲ್ಲ.