ನೈಟ್ ಹಾಲ್ಟ್

ರೈಲು ಹಾಯದ ಜಿಲ್ಲೆಯಲ್ಲಿ
ನಿಲ್ದಾಣ ಅಂದರೆ ಬಸ್ಸಿನದೇ.
ಗೋಣಿಕೊಪ್ಪದ ಈ ಕಿಟಕಿಯ ಹಿಂದೆ
ಹದಿನಾರು ವರ್ಷದಿಂದ ಕೂತಿದ್ದೇನೆ,
ಮೈಕಿನ ಮೂತಿಗೆ ಕರವಸ್ತ್ರ ಸುತ್ತಿಕೊಂಡು:
ಕುಟ್ಟ, ಶ್ರೀಮಂಗಲ, ಹುದಿಕೇರಿ, ಬಿರುನಾಣಿ,
ಬಾಳೆಲೆಗೆ ಹೋಗುವವರು ಎಡಗಡೆ ನಿಲ್ಲಿ.
ಹೇಳಿದ ಕಡೆ ಯಾರೂ ನಿಲ್ಲುವುದಿಲ್ಲ.

ರಾತ್ರಿ ಹತ್ತಕ್ಕೆ ನನ್ನ ಇನ್ನೊಂದು ಪಾಳಿ.
ಅಣ್ಣನ ಮಗ ಬಿದ್ದಪ್ಪ ಬೇಸರ ಬಂದು
ನನ್ನ ತಲೆಗೆ ಕಟ್ಟಿದ ಕಂಪ್ಯೂಟರು, ಅದರೊಳಗೆ
ಸಾವಿರ ಸೂರ್ಯರ ಒಂದು ಆಟ.
ಅವನಿಗೆ ಬೇಕಿದ್ದದ್ದು ಯುದ್ಧ.
ನನಗೆ, ನೂರು ಟನ್ನಿನ ಹಡಗೊಂದು
ಗೋಡೆಗೆ ಮೈ ಉಜ್ಜದೆ ಒಳಗೆ ಬಂದು ನಿಂತರೆ ಸಾಕು.

ಮೊದಮೊದಲು ಕಕ್ಷೆಯ ನಿಲ್ದಾಣಗಳಲ್ಲೇ ಇದ್ದೆ.
ಕೆಳಗೆ ಗ್ರಹ, ಮೇಲೆ ತಿರುಗುವ ಉಂಗುರ,
ಅದಿರಿನ ದಲ್ಲಾಳಿಗಳು, ಬಾಡಿಗೆ ಕೊಲೆಗಾರರು,
ಬಾಗಿಲಿಗೆ ಅಡ್ಡ ನಿಂತು ಹರಟುವ ಲಾರಿಯಂಥ ಹಡಗುಗಳು.
ಸಂತೆ ದಿನದ ನಮ್ಮ ಸ್ಟ್ಯಾಂಡೇ,
ಮೀನಿನ ವಾಸನೆಯೊಂದು ಕಮ್ಮಿ.
ಮನೆಗೆ ಬಂದೂ ಡ್ಯೂಟಿ ಮಾಡಿದ ಹಾಗಾಗಿ ಬಿಟ್ಟುಬಿಟ್ಟೆ.

ಬಿರುನಾಣಿಯ ನೈಟ್ ಹಾಲ್ಟ್ ಗಾಡಿ ಹಂಝಾಕನದು.
ಒಮ್ಮೆ ಕೇಳಿದ್ದೆ, ರಾತ್ರಿ ಅಲ್ಲಿ ಏನಿರುತ್ತದೆ?
ಏನೂ ಇಲ್ಲ ಮೇಡಂ, ಜಿಗಣೆ ಉಂಟು.
ಮತ್ತೆ ಯಾಕೆ ಹೋಗುವುದು?
ಬೆಳಿಗ್ಗೆ ಆರಕ್ಕೆ ಬಸ್ಸು ಅಲ್ಲೇ ಇರಬೇಕಲ್ಲ.

ಆ ಮಾತಿಗೇ ಎಂಟು ತಿಂಗಳು ಸರಕು ಹೊತ್ತು
ದುಡ್ಡು ಕೂಡಿಹಾಕಿ, ನಕ್ಷೆಯ ಅಂಚಿನಾಚೆ
ಒಂದು ನಿಲ್ದಾಣ ಕಟ್ಟಿಸಿದೆ.
ಕೆಳಗೆ ಗ್ರಹವಿಲ್ಲ. ಸುತ್ತಲು ಸೂರ್ಯನಿಲ್ಲ.
ಯಾವುದನ್ನೂ ಸುತ್ತದೆ ಸುಮ್ಮನೆ ಇದೆ,
ಎರಡು ಕಟ್ಟೆ, ಒಂದು ಇಂಧನದ ತೊಟ್ಟಿ,
ನಾನು ಬಣ್ಣ ಆರಿಸಿದ ಒಂದು ಹಳದಿ ದೀಪ.
ಹೆಸರು ಕೇಳಿತು ಆಟ.
ಬಾಳೆಲೆ, ಅಂತ ಹಾಕಿದೆ.

ನಲವತ್ತೊಂದು ರಾತ್ರಿ ಯಾರೂ ಬರಲಿಲ್ಲ.
ದೀಪ ಸರಿಯಿದೆಯಾ ನೋಡಿ ಮಲಗುತ್ತಿದ್ದೆ.

ನಲವತ್ತೆರಡನೆಯದು. ಒಂದು ಚುಕ್ಕೆ.
ಇಂಧನ ಶೇಕಡ ಎರಡು, ಯಾವ ದೇಶದವನೋ,
ಮುರುಕು ಇಂಗ್ಲಿಷು, ನನ್ನದರಷ್ಟೇ ಮುರುಕು.
ಒಳಗೆ ಬರಲೇ ಎಂದ.
ಅಷ್ಟರಲ್ಲಿ ಕರೆಂಟು ಹೋಯಿತು.
ಮಾಲ್ದಾರೆ ಕಡೆ ಆನೆ ಕಂಬ ಒರಗಿಸಿದೆಯಂತೆ.
ಕತ್ತಲಲ್ಲಿ ಯುಪಿಎಸ್ ಕೀಂ ಕೀಂ ಎನ್ನತೊಡಗಿತು,
ಹೆಚ್ಚೆಂದರೆ ಹನ್ನೊಂದು ನಿಮಿಷ.

ನಿಧಾನ, ಎಂದು ಬರೆದೆ. ಎಡಗಡೆ ಕಟ್ಟೆ.
ಅವನು ಎಡಗಡೆಗೇ ಬಂದ.
ಇನ್ನೂ ನಿಧಾನ.
ಆ ಹಡಗಿನ ಮೈ ತುಂಬ ಸುಟ್ಟ ಗುರುತು,
ಹೊಟ್ಟೆಯಡಿ ಒಂದು ಕಾಲು ಮುರಿದಿತ್ತು.
ಬಾಳೆಲೆ ಎಂದರೇನು, ಕೇಳಿದ, ಇಳಿಯುತ್ತಲೇ.

ಆರು ನಿಮಿಷ ಉಳಿದಿತ್ತು. ಬರೆದೆ:
ಊಟ ಬಡಿಸುವ ಎಲೆ.
ಮೊದಲು ನೀರು ಚಿಮುಕಿಸಬೇಕು.
ಉಂಡಾದ ಮೇಲೆ ಮಡಚಿದರೆ ಆಯಿತು,
ತೊಳೆಯುವ ಕೆಲಸವಿಲ್ಲ.
ಬಹಳ ಹೊತ್ತು ಉತ್ತರವಿಲ್ಲ.
ಆಮೇಲೆ, ನನಗೆ ಹಸಿವಾಗಿದೆ, ಎಂದ.
ಅದು ಆಟದ ಹಸಿವೋ, ಅವನ ಕೋಣೆಯದೋ?
ಕೇಳುವ ಮೊದಲೇ ಪರದೆ ಕಪ್ಪಾಯಿತು.

ಮೊಬೈಲಿನ ಬೆಳಕಲ್ಲಿ
ತಣ್ಣಗಿನ ಅಕ್ಕಿರೊಟ್ಟಿ ಮುರಿದು ತಿಂದೆ.
ನನ್ನ ಪರದೆ ಆರಿದರೂ
ಅಲ್ಲಿ ಆ ದೀಪ ಉರಿಯುತ್ತಲೇ ಇರುತ್ತದೆ,
ಯಾವುದೋ ಊರಿನ ಯಂತ್ರದೊಳಗೆ.
ಅದರ ಕೆಳಗೆ ಒಬ್ಬ ನಿಂತಿದ್ದಾನೆ, ಬೆಳಗಿನ ತನಕ.
ಇಷ್ಟಕ್ಕೆ ನಿದ್ದೆ ಬರಬಾರದೇ? ಬರಲಿಲ್ಲ.

ಆರು ಗಂಟೆಗೆ ಕಿಟಕಿ ತೆರೆದು
ಮೈಕು ತಟ್ಟಿ, ನಿದ್ದೆಗಣ್ಣಲ್ಲಿ ಹೇಳಿಬಿಟ್ಟೆ:
ಬಾಳೆಲೆ, ಎಡಗಡೆ ಕಟ್ಟೆ, ನಿಧಾನ, ಇನ್ನೂ ನಿಧಾನ.
ಕಾಫಿ ಅಂಗಡಿಯ ಪೌಲೋಸ್ ತಲೆಯೆತ್ತಿ ನೋಡಿದ.
ಕೋಳಿಬುಟ್ಟಿ ಹೊತ್ತ ಒಬ್ಬ ಮುದುಕಿ
ಒಂದೊಂದೇ ಹೆಜ್ಜೆ ಹಿಂದಿಟ್ಟು
ನೆಟ್ಟಗೆ ಎಡಗಡೆ ಬಂದು ನಿಂತಳು.