ಮೂರು ದರಪಟ್ಟಿ

ಅರ್ಜಿ ಸಂಖ್ಯೆ ಹದಿನೇಳು. ಹೆಸರು: ಮರ್ಸೆಲಾ ಅಪೊಂಡಿ.
ಮೂರನೇ ವರ್ಷ, ರಸಾಯನಶಾಸ್ತ್ರ.
ಉದ್ಯಮ: ಮೀನಿನ ಚರ್ಮದ ಚಪ್ಪಲಿ, ಚೀಲ.
ಸರ್ಕಾರ ಮಂಜೂರು ಮಾಡಿದ್ದು ಮೂರು ಲಕ್ಷ ಶಿಲಿಂಗು, ಮೂರು ಕಂತು.
ಇಷ್ಟು ನನ್ನ ಕಡತದಲ್ಲಿದೆ.

ಕಡತದಲ್ಲಿ ಇಲ್ಲದ್ದು ವಾಸನೆ.

ಕಿಸುಮುವಿನ ಈ ಗಾಜಿನ ಕಟ್ಟಡ
ಹೊಸ ಉದ್ಯಮಗಳಿಗೆ ಕಾವು ಕೊಡಲೆಂದು ಕಟ್ಟಿದ್ದು.
ಒಳಗೆ ಎಲ್ಲ ತಣ್ಣಗೆ, ಎಸಿ ಹದಿನೆಂಟರಲ್ಲಿ.
ಅವಳು ಬಕೆಟ್ಟು ತಂದಿಟ್ಟ ಮಧ್ಯಾಹ್ನವೇ
ಆ್ಯಪು ಮಾಡುವ ಹುಡುಗರು ಒಂದು ಕೈಯಲ್ಲಿ ಮೂಗು ಹಿಡಿದು
ಇನ್ನೊಂದರಲ್ಲಿ ದೂರಿಗೆ ಸಹಿ ಹಾಕಿದರು.
ಸಸ್ಯಶಾಸ್ತ್ರ ವಿಭಾಗದ ಹಿಂದೆ
ಮುರಿದ ಬೆಂಚು ತುಂಬಿದ ಶೆಡ್ಡು ಅವಳ ಪಾಲಾಯಿತು.
ಬೀಗದ ಕೈ ಕೊಟ್ಟವನು ನಾನೇ.
ತಗಡಿನ ಮಾಡು, ಹನ್ನೆರಡಕ್ಕೆ ಹೆಂಚಿನಂತೆ ಕಾಯುತ್ತಿತ್ತು.
ಕಾವು ಅಂದರೆ ಅದು.

ನಮ್ಮ ಸರೋವರದ ಮೀನು ಮೂರು ಪಾಲಾಗುತ್ತದೆ.
ಮಾಂಸ ಮಂಜುಗಡ್ಡೆಯಲ್ಲಿ ಮಲಗಿ ವಿಮಾನ ಹತ್ತುತ್ತದೆ.
ಬೆನ್ನೆಲುಬು, ತಲೆ ಸಮೇತ, ನಮ್ಮ ಬಾಣಲೆಗೆ ಬೀಳುತ್ತದೆ;
ಅದನ್ನು ಮ್ಗೊಂಗೊ ವಾಝಿ ಅನ್ನುತ್ತೇವೆ, ಬರಿಬೆನ್ನು.
ಚರ್ಮ ನಾಯಿಗೂ ಬೇಡ.
ಅಪೊಂಡಿ ಕೇಳಿದ್ದು ಆ ಮೂರನೆಯದನ್ನು.

ನಾನು ಕೇಳಿದ್ದು ಮೂರು ದರಪಟ್ಟಿ.
ನಿಯಮ ಇಪ್ಪತ್ತೆರಡು, ಉಪನಿಯಮ ಬಿ:
ಯಾವುದೇ ಕಚ್ಚಾವಸ್ತುವಿಗೆ ಮೊಹರಿರುವ ಮೂರು ದರಪಟ್ಟಿ,
ಅದರಲ್ಲಿ ಕಡಿಮೆಯದಕ್ಕೆ ಹಣ.
ಅವಳು ನಕ್ಕಳು. "ದಡದಲ್ಲಿ ಮೀನು ಸೀಳುವ
ರೆಬೆಕಾ ಅಜ್ವಾಂಗ್ ಹತ್ತಿರ ಕತ್ತಿ ಇದೆ ಮ್ಜೀ, ಮೊಹರಿಲ್ಲ.
ಚರ್ಮದ ಬೆಲೆ ಕೇಳಿದರೆ ಅವಳೂ ಹೀಗೇ ನಗುತ್ತಾಳೆ.
ಬೆಲೆಯೇ ಇಲ್ಲದ್ದರಲ್ಲಿ ಕಡಿಮೆ ಬೆಲೆ ಯಾವುದು?"

ನನ್ನ ಹತ್ತಿರ ಉತ್ತರವಿರಲಿಲ್ಲ. ಕೆಂಪು ಪೆನ್ನಿತ್ತು.
ಪರಿಶೀಲಿಸಿ ಮರುಸಲ್ಲಿಸಿ, ಎಂದು ಬರೆದೆ.

ಎರಡನೇ ಕಂತು ಬರಲಿಲ್ಲ.
ಶೆಡ್ಡಿನ ಆಚೆ, ನೀರಿನ ಮೇಲೆ,
ದಿನಾ ತಪ್ಪದೆ ಹೊತ್ತು ಮಾತ್ರ ಕಂತುತ್ತಿತ್ತು.
ಊಟದ ದುಡ್ಡಿನಲ್ಲಿ ಅವಳು ವಾಟಲ್ ಮರದ ತೊಗಟೆ ತಂದು ಕುದಿಸಿದಳು.
ಹದ ತಪ್ಪಿ ಮೊದಲ ನಲವತ್ತು ಚರ್ಮ
ಬಿಸ್ಕತ್ತಿನ ಹಾಗೆ ಮುರಿದವು.

ಮಹಿಳಾ ಉದ್ಯಮಿಗಳ ದಿನ ನೈರೋಬಿಯಿಂದ ಮೂವರು ಬಂದರು.
ಹೂಗುಚ್ಛ, ಫೋಟೋ, ಆಳೆತ್ತರದ ರಟ್ಟಿನ ಚೆಕ್ಕು.
ಒಬ್ಬರು ಕೇಳಿದರು, ಮದುವೆಯಾದ ಮೇಲೆ
ಕಂಪನಿ ಯಾರು ನೋಡಿಕೊಳ್ಳುತ್ತಾರೆ?
ಆ್ಯಪಿನ ಹುಡುಗರಿಗೆ ಆ ಪ್ರಶ್ನೆ ಇರಲಿಲ್ಲ.
ನಡವಳಿ ಬರೆಯುವವನು ನಾನು. ಆ ಸಾಲು ಬಿಟ್ಟೆ.
ಇವತ್ತಿಗೂ ಅಲ್ಲೊಂದು ಸಾಲಿನಷ್ಟು ಖಾಲಿ ಇದೆ.

ಮರುವಾರ ಶೆಡ್ಡಿಗೆ ಹೋದೆ, ದಾಸ್ತಾನು ಪರಿಶೀಲನೆ ಅಂತ ನೆವ.
ಚೆಕ್ಕನ್ನು ಗೋಡೆಗೆ ಒರಗಿಸಿದ್ದಳು.
ಮೂರು ಲಕ್ಷ ಮಾತ್ರ ಎಂಬ ಅಕ್ಷರಗಳ ಮೇಲೆ ಮೊಳೆ ಹೊಡೆದು
ಒಂಬತ್ತು ಚರ್ಮ ಎಳೆದು ಕಟ್ಟಿದ್ದಳು, ಒಣಗಲಿ ಎಂದು.
ಪೊರೆ ಕಳೆದ ಗುರುತು ಸಾಲುಸಾಲಾಗಿ ಮಿನುಗುತ್ತಿತ್ತು.
ಬೆರಳಿಟ್ಟು ನೋಡಿದೆ. ಮೆತ್ತಗಿತ್ತು.
ಹದ ಸಿಕ್ಕಿತ್ತು ಹುಡುಗಿಗೆ; ನಾನೇನೂ ಹೇಳಲಿಲ್ಲ.

ಜೂನಿನಲ್ಲಿ ಅವಳೇ ಬಂದಳು, ಮೂರು ಲಕೋಟೆ ಹಿಡಿದು.
ಬಸ್‌ಸ್ಟ್ಯಾಂಡಿನ ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿದ ಹಾಳೆ:
ರೆಬೆಕಾ ಅಜ್ವಾಂಗ್ ಚರ್ಮ ಭಂಡಾರ.
ಪೆರೆಸ್ ಅಬೂಯಾ ಮತ್ತು ಸೊಸೆಯಂದಿರು.
ಮೂರನೆಯದರಲ್ಲಿ ಮಾಮಾ ಡೋರ್ಕಸ್ ಎಂದಷ್ಟೇ,
ಕೆಳಗೆ ಬಾಣಲೆಯ ಮಸಿಯಲ್ಲಿ ಒತ್ತಿದ ಹೆಬ್ಬೆಟ್ಟು.
ಚರ್ಮವೊಂದಕ್ಕೆ ಹತ್ತು. ಚರ್ಮವೊಂದಕ್ಕೆ ಹತ್ತು.
ಚರ್ಮವೊಂದಕ್ಕೆ ಹತ್ತು.

ಮೂವರೂ ಕೂತು ಮಾತಾಡಿಕೊಂಡೇ ಬರೆದದ್ದು, ಸಂಶಯವಿಲ್ಲ.
ಅದನ್ನು ತಡೆಯುವುದಕ್ಕೂ ಒಂದು ಉಪನಿಯಮವಿದೆ,
ಡಿ, ಮುಂದಿನ ಪುಟದಲ್ಲಿ.

ನನ್ನ ಕೋಣೆಗೆ ಎಸಿ ಇಲ್ಲ. ಫ್ಯಾನಿನ ಗಾಳಿಗೆ
ಆ ಪುಟ ಏಳುತ್ತಲೇ ಇತ್ತು.
ಮಾದರಿ ಎಂದು ಅವಳು ಮೇಜಿನ ಮೇಲಿಟ್ಟದ್ದು ಎಡಗಾಲಿನ ಚಪ್ಪಲಿ.
ಬಲಗಾಲಿನದು ಎಲ್ಲಿ ಎಂದೆ.
ಎರಡನೇ ಕಂತಿಗೆ, ಎಂದಳು.

ಪುಟದ ಮೇಲೆ ಚಪ್ಪಲಿ ಇಟ್ಟು
ಸಹಿ ಹಾಕಿದೆ.